ಆಟೋಮ್ಯಾಟಿಕ್ ಕಾರು: ಎರಡು ಪೆಡಲ್, ಒಂದೇ ಕಾಲು

ಮ್ಯಾನ್ಯುಯಲ್ ಕಾರು ಓಡಿಸಿ ಅಭ್ಯಾಸ ಇರುವವರು ಆಟೋಮ್ಯಾಟಿಕ್ ಹತ್ತಿದಾಗ ಮೊದಲು ಹೇಳುವ ಮಾತು, "ಇದೇನ್ರೀ, ಸ್ಕೂಟಿ ಓಡಿಸಿದ ಹಾಗಿದೆ." ಹೌದು, ಸುಲಭವೇ. ಸುಲಭ ಅಂತಲೇ ಪೆಡಲ್ ಬಗ್ಗೆ ಯಾರೂ ಕೂತು ಹೇಳಿಕೊಡುವುದಿಲ್ಲ. ಕಾರು ಡೆಲಿವರಿ ಕೊಡುವ ದಿನ ಶೋರೂಂನವರು ಫೋನ್ ಜೋಡಿಸೋದು, ಸನ್‌ರೂಫ್ ತೆಗೆಯೋದು ಎಲ್ಲ ತೋರಿಸುತ್ತಾರೆ, ಹಾರ ಹಾಕಿ ಫೋಟೋನೂ ತೆಗೆಯುತ್ತಾರೆ, ಕಾಲು ಎಲ್ಲಿಡಬೇಕು ಅನ್ನೋದನ್ನ ಮಾತ್ರ ಬಿಟ್ಟುಬಿಡುತ್ತಾರೆ.

ನಾನು ಹೇಳೋದು ಇಷ್ಟೇ. ಆಟೋಮ್ಯಾಟಿಕ್ ಕಾರಿನಲ್ಲಿ ಬಲಗಾಲಿನ ಖಾಯಂ ಜಾಗ ಬ್ರೇಕ್. ಸ್ಪೀಡ್ ಬೇಕಾದಾಗ ಆಕ್ಸಿಲರೇಟರ್‌ಗೆ ಹೋಗಬೇಕು, ಕೆಲಸ ಮುಗಿದ ತಕ್ಷಣ ವಾಪಸ್ ಬರಬೇಕು. ತುಂಬಾ ಜನ ಇದನ್ನು ಉಲ್ಟಾ ಮಾಡುತ್ತಾರೆ. ಕಾಲು ಯಾವಾಗಲೂ ಆಕ್ಸಿಲರೇಟರ್ ಮೇಲೇ ಇರುತ್ತದೆ, ಏನಾದರೂ ಅಡ್ಡ ಬಂದಾಗ ಬ್ರೇಕ್ ಹುಡುಕುತ್ತಾರೆ. ಖಾಲಿ ಹೈವೇಯಲ್ಲಿ ಅದು ನಡೆಯುತ್ತದೆ. ಗಲ್ಲಿಯಲ್ಲಿ, ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ನಡೆಯುವುದಿಲ್ಲ.

ಎಡಗಾಲಿಗೆ ಕೆಲಸ ಇಲ್ಲ

ನಮ್ಮಲ್ಲಿ ಬಹುತೇಕರು ಡ್ರೈವಿಂಗ್ ಸ್ಕೂಲಿನಲ್ಲಿ ಕಲಿಯೋದು ಮ್ಯಾನ್ಯುಯಲ್ ಕಾರಿನಲ್ಲೇ. ಅಲ್ಲಿ ಎಡಗಾಲಿಗೆ ಕಲಿಸಿರೋದು ಒಂದೇ ಕೆಲಸ: ಕ್ಲಚ್ಚನ್ನು ಪೂರ್ತಿ ತಳದವರೆಗೆ ಒತ್ತೋದು. ನಿಧಾನವಾಗಿ ಬಿಡೋದು ಅದಕ್ಕೆ ಗೊತ್ತು, ನಿಧಾನವಾಗಿ ಒತ್ತೋದು ಗೊತ್ತಿಲ್ಲ. ಈಗ ಅದೇ ಎಡಗಾಲನ್ನು ಬ್ರೇಕ್ ಮೇಲಿಟ್ಟರೆ ಏನಾಗುತ್ತದೆ? ಆಟೋಮ್ಯಾಟಿಕ್ ಕಾರುಗಳಲ್ಲಿ ಬ್ರೇಕ್ ಪೆಡಲ್ ಅಗಲವಾಗಿರುತ್ತದೆ, ಎಡಕ್ಕೆ ಚಾಚಿಕೊಂಡಿರುತ್ತದೆ. ಸಿಗ್ನಲ್ ಹತ್ತಿರ ಬಂದಾಗ ಎಡಗಾಲು ಹಳೇ ನೆನಪಿನಲ್ಲಿ ಕ್ಲಚ್ ಅಂದುಕೊಂಡು ಒತ್ತುತ್ತದೆ, ಸಿಗೋದು ಬ್ರೇಕ್, ಕಾರು ಗಕ್ಕನೆ ನಿಲ್ಲುತ್ತದೆ, ಹಿಂದಿನ ಸೀಟಿನಲ್ಲಿ ಕೂತವರ ಮೂಗು ಮುಂದಿನ ಸೀಟಿಗೆ, ಹಿಂದೆ ಬರುತ್ತಿದ್ದ ಆಟೋದವನು ನಿಮ್ಮ ಡಿಕ್ಕಿಗೆ.

ಎಡಗಾಲು ಪಳಗಿಸಿದರೆ ಆಗಲ್ವಾ ಅಂತ ಕೇಳುತ್ತಾರೆ. ರೇಸ್ ಓಡಿಸುವವರು ಎಡಗಾಲಿನಲ್ಲಿ ಬ್ರೇಕ್ ಒತ್ತುತ್ತಾರೆ, ನಿಜ. ಗೋ ಕಾರ್ಟಿಂಗ್‌ನಲ್ಲೂ ಹಾಗೇ. ಊರೊಳಗಿನ ರಸ್ತೆಯಲ್ಲಿ ಅದರ ತೊಂದರೆ ಬೇರೆ. ಗಾಬರಿಯಾದಾಗ ಮನುಷ್ಯನ ಎರಡೂ ಕಾಲು ಒಟ್ಟಿಗೆ ಬಿಗಿಯಾಗುತ್ತವೆ. ಒಂದು ಬ್ರೇಕ್ ಮೇಲೆ, ಇನ್ನೊಂದು ಆಕ್ಸಿಲರೇಟರ್ ಮೇಲೆ ಇದ್ದರೆ ಎರಡೂ ಒಟ್ಟಿಗೆ ಒತ್ತಿಹೋಗುತ್ತವೆ. ಜೊತೆಗೆ ಎಡಗಾಲು ಬ್ರೇಕ್ ಮೇಲೆ ಸುಮ್ನೆ ಕೂತಿದ್ದರೂ ಅದರ ಭಾರಕ್ಕೆ ಬ್ರೇಕ್ ಲೈಟ್ ಉರಿಯುತ್ತಲೇ ಇರುತ್ತದೆ, ಪ್ಯಾಡ್ ಸವೆಯುತ್ತದೆ, ನೀವು ನಿಜವಾಗಿ ಬ್ರೇಕ್ ಹಾಕಿದಾಗ ಹಿಂದಿನವರಿಗೆ ಗೊತ್ತೇ ಆಗುವುದಿಲ್ಲ.

ಹಾಗಾಗಿ ಎಡಗಾಲು ಎಡಮೂಲೆಯಲ್ಲಿರಲಿ. ಹೆಚ್ಚಿನ ಕಾರುಗಳಲ್ಲಿ ಅಲ್ಲಿ ಕಾಲಿಡೋಕೆ ಅಂತಲೇ ಓರೆಯಾದ ಒಂದು ಜಾಗ ಇರುತ್ತದೆ. ಮೊದಲ ಕೆಲವು ದಿನ ಅದು ತಾನಾಗೇ ಎದ್ದು ಬರುತ್ತದೆ, ಹಂಪ್ ಕಂಡಾಗಂತೂ ಖಂಡಿತ. ಆ ದಿನಗಳಲ್ಲಿ ಪಾದವನ್ನು ಇನ್ನಷ್ಟು ಹಿಂದಕ್ಕೆ, ಸೀಟಿನ ಕಡೆಗೆ ಎಳೆದುಕೊಂಡು ಕೂತರೆ ಪೆಡಲ್‌ವರೆಗೆ ಬರೋಕೆ ಅದಕ್ಕೆ ಹೊತ್ತಾಗುತ್ತದೆ, ಅಷ್ಟರಲ್ಲಿ ನಿಮಗೆ ನೆನಪಾಗುತ್ತದೆ.

ಹಿಮ್ಮಡಿ ಎಲ್ಲಿ?

ಎಂಜಿನ್ ಆಫ್ ಇರುವಾಗಲೇ ಇದನ್ನು ನೋಡಿಕೊಳ್ಳಿ. ಬೆನ್ನು ಸೀಟಿಗೆ ತಾಗಿಸಿ ಕೂತು ಬ್ರೇಕನ್ನು ಜೋರಾಗಿ ಒತ್ತಿ. ಆಗಲೂ ಮೊಣಕಾಲು ಸ್ವಲ್ಪ ಮಡಚಿರಬೇಕು. ಕಾಲು ನೆಟ್ಟಗಾಗಿಬಿಟ್ಟರೆ ಸೀಟು ದೂರ ಇದೆ ಅಂತ ಅರ್ಥ, ಮುಂದಕ್ಕೆ ಎಳೆದುಕೊಳ್ಳಿ. ಆರಾಮಾಗಿ ಕಾಲು ಚಾಚಿ ಕೂರೋಣ ಅಂದುಕೊಂಡರೆ ತುರ್ತಿನಲ್ಲಿ ಬ್ರೇಕ್ ಪೂರ್ತಿ ಒತ್ತೋಕೆ ಬಲ ಸಿಗುವುದಿಲ್ಲ.

ಈಗ ಬಲ ಹಿಮ್ಮಡಿಯನ್ನು ಬ್ರೇಕ್ ಪೆಡಲಿನ ನೇರಕ್ಕೆ ನೆಲದ ಮೇಲೆ ಊರಿ. ಪಾದದ ಮುಂಭಾಗ ಬ್ರೇಕ್ ಮೇಲೆ. ಹಿಮ್ಮಡಿ ಎತ್ತದೆ ಬೆರಳಿನ ಕಡೆಯನ್ನು ಮಾತ್ರ ಬಲಕ್ಕೆ ತಿರುಗಿಸಿದರೆ ಆಕ್ಸಿಲರೇಟರ್ ಸಿಗುತ್ತದೆ. ಮತ್ತೆ ಎಡಕ್ಕೆ ತಿರುಗಿಸಿದರೆ ಬ್ರೇಕ್. ಇದನ್ನು ಕೆಳಗೆ ನೋಡದೆ ಕಾಲಿಗೆ ಬಾಯಿಪಾಠ ಆಗುವವರೆಗೆ ಮಾಡಿ. ಹಿಮ್ಮಡಿ ಬ್ರೇಕಿನ ಎದುರೇ ಇದ್ದಾಗ ಕಾಲು ಸುಸ್ತಾಗಿ ಸಡಿಲ ಬಿಟ್ಟರೂ ಬ್ರೇಕಿನ ಕಡೆಗೇ ವಾಲುತ್ತದೆ. ಹಿಮ್ಮಡಿಯನ್ನು ಆಕ್ಸಿಲರೇಟರ್ ಕೆಳಗೆ ಊರಿದವರಿಗೆ ಪ್ರತಿ ಸಲ ಇಡೀ ಕಾಲು ಎತ್ತಿ ಇಡಬೇಕು, ಎತ್ತಿ ಇಡುವಾಗ ಗುರಿ ತಪ್ಪೋದು ಸುಲಭ.

ಪಾದ ಚಿಕ್ಕದಿರುವವರಿಗೆ, ಕುಳ್ಳಗಿರುವವರಿಗೆ ಹಿಮ್ಮಡಿ ಊರಿಕೊಂಡು ಬ್ರೇಕ್ ಪೂರ್ತಿ ಒತ್ತೋಕೆ ಆಗದೇ ಇರಬಹುದು. ಜೋರು ಬ್ರೇಕ್ ಬೇಕಾದಾಗ ಹಿಮ್ಮಡಿ ಎತ್ತಿಯೇ ಒತ್ತಿ, ತಪ್ಪಿಲ್ಲ. ವಾಪಸ್ ಇಳಿಸುವಾಗ ಮಾತ್ರ ಅದೇ ಜಾಗಕ್ಕೆ ಬರಬೇಕು.

ಹಿಮ್ಮಡಿ ಹಿಡಿತ ಇಲ್ಲದ ಹವಾಯಿ ಚಪ್ಪಲಿ ಹಾಕಿಕೊಂಡು ಓಡಿಸಬೇಡಿ. ಅದರ ತುದಿ ಪೆಡಲ್ ಅಂಚಿಗೆ ಸಿಕ್ಕಿಕೊಂಡು ಮಡಚಿಕೊಳ್ಳುತ್ತದೆ. ಬಿಚ್ಚಿಡುವುದಾದರೂ ಡ್ರೈವರ್ ಕಾಲ ಬಳಿ ಬಿಚ್ಚಿಡಬೇಡಿ, ಪಕ್ಕದ ಸೀಟಿನ ಕೆಳಗೆ ತಳ್ಳಿ. ನೀರಿನ ಬಾಟಲಿಯೂ ಅಷ್ಟೇ. ಸೀಟಿನ ಕೆಳಗೆ ಬಿದ್ದ ಒಂದು ಲೀಟರಿನ ಬಾಟಲಿ ನೀವು ಬ್ರೇಕ್ ಹಾಕಿದಾಗ ಮುಂದಕ್ಕೆ ಉರುಳಿ ಸೀದಾ ಪೆಡಲ್ ಹಿಂದೆ ಹೋಗಿ ಕೂರುತ್ತದೆ. ಮುಂದಿನ ಸಲ ಒತ್ತಿದಾಗ ಪೆಡಲ್ ಅರ್ಧಕ್ಕೆ ನಿಂತುಬಿಡುತ್ತದೆ. ಮ್ಯಾಟ್ ಮೇಲೊಂದು ಮ್ಯಾಟ್ ಹಾಕುವ ಅಭ್ಯಾಸವೂ ಬೇಡ. ಮ್ಯಾಟಿಗೆ ಆಕ್ಸಿಲರೇಟರ್ ಸಿಕ್ಕಿಕೊಳ್ಳಬಹುದು ಅನ್ನುವ ಒಂದೇ ಕಾರಣಕ್ಕೆ ಟೊಯೋಟಾ ಕಂಪನಿ 2009ರಲ್ಲಿ ಅಮೆರಿಕದಲ್ಲಿ ಸುಮಾರು 38 ಲಕ್ಷ ಕಾರುಗಳಿಗೆ ರೀಕಾಲ್ (ಸರಿಪಡಿಸೋಕೆ ವಾಪಸ್ ಕರೆಸೋದು) ಘೋಷಿಸಬೇಕಾಯಿತು. ನಿಮ್ಮ ಕಾರಿನ ಮ್ಯಾಟಿಗೆ ನೆಲದಲ್ಲಿ ಕೊಕ್ಕೆ ಇದ್ದರೆ ತೊಳೆದು ವಾಪಸ್ ಹಾಕುವಾಗ ಅದಕ್ಕೆ ಸಿಕ್ಕಿಸಿ. ವಾಟರ್ ಸರ್ವೀಸ್‌ಗೆ ಕೊಟ್ಟು ತಂದಾಗ ಒಮ್ಮೆ ಬಗ್ಗಿ ನೋಡಿ.

ಬ್ರೇಕಿನಿಂದಲೇ ಓಡಿಸೋದು ಕಲಿಯಿರಿ

ಬ್ರೇಕ್ ಒತ್ತಿದರೇನೇ ಕಾರು ಸ್ಟಾರ್ಟ್ ಆಗೋದು, ಬ್ರೇಕ್ ಒತ್ತಿದರೇನೇ ಗೇರ್ 'ಪಿ'ಯಿಂದ (ಪಾರ್ಕ್) ಕದಲೋದು. ಬಟನ್ ಒತ್ತಿದರೂ ಎಂಜಿನ್ ಸ್ಟಾರ್ಟ್ ಆಗದೆ ಬರೀ ಲೈಟುಗಳು ಹತ್ತಿಕೊಂಡರೆ ಮೊದಲು ನೋಡಬೇಕಾದ್ದು ಬ್ರೇಕನ್ನು ಸರಿಯಾಗಿ ಒತ್ತಿದ್ದೀರಾ ಅನ್ನೋದು.

'ಡಿ'ಗೆ (ಡ್ರೈವ್) ಹಾಕಿ, ಹ್ಯಾಂಡ್‌ಬ್ರೇಕ್ ಇಳಿಸಿ, ಬ್ರೇಕ್ ಮೇಲಿನ ಕಾಲು ನಿಧಾನಕ್ಕೆ ಸಡಿಲಿಸಿ. ಆಕ್ಸಿಲರೇಟರ್ ಮುಟ್ಟಲೇಬೇಡಿ. ಸಮತಟ್ಟು ಜಾಗದಲ್ಲಿ ಕಾರು ತಾನಾಗೇ ಮುಂದಕ್ಕೆ ತೆವಳುತ್ತದೆ. ಟಾರ್ಕ್ ಕನ್ವರ್ಟರ್ ಇರುವ ಗೇರ್‌ಬಾಕ್ಸಿನಲ್ಲಿ ಎಂಜಿನ್‌ಗೂ ಗೇರಿಗೂ ನಡುವೆ ಎಣ್ಣೆಯ ಮೂಲಕ ಬಲ ದಾಟುತ್ತಲೇ ಇರುತ್ತದೆ, ಅದಕ್ಕೇ ಈ ತೆವಳಾಟ. ಎಎಂಟಿ (ಮ್ಯಾನ್ಯುಯಲ್ ಗೇರ್‌ಬಾಕ್ಸನ್ನೇ ಯಂತ್ರ ನಡೆಸುವಂಥದ್ದು), ಡಿಸಿಟಿ (ಎರಡು ಕ್ಲಚ್ಚಿನದ್ದು) ಕಾರುಗಳಲ್ಲಿ ಕ್ಲಚ್ಚನ್ನು ಕಂಪ್ಯೂಟರ್ ಅರೆಬರೆ ಬಿಟ್ಟು ಅದೇ ಕೆಲಸ ಮಾಡಿಸುತ್ತದೆ.

ಭಾನುವಾರ ಬೆಳಿಗ್ಗೆ ಯಾವುದಾದರೂ ಹೊಸ ಲೇಔಟಿನ ಖಾಲಿ ರಸ್ತೆಗೆ ಹೋಗಿ ಬರೀ ಬ್ರೇಕ್ ಸಡಿಲಿಸಿ, ಒತ್ತಿ, ಸಡಿಲಿಸಿ, ಒಂದು ಸುತ್ತು ಹಾಕಿ. ಕಲ್ಲೊಂದನ್ನು ಗುರುತಿಟ್ಟುಕೊಂಡು ಅದರ ಪಕ್ಕಕ್ಕೇ ಸರಿಯಾಗಿ ನಿಲ್ಲಿಸಿ. ನಿಲ್ಲುವ ಕೊನೇ ಕ್ಷಣದಲ್ಲಿ ಬ್ರೇಕನ್ನು ಒಂದು ಕೂದಲಷ್ಟು ಸಡಿಲಿಸಿದರೆ ಕಾರು ಮುಗ್ಗರಿಸದೆ ಮೆತ್ತಗೆ ನಿಲ್ಲುತ್ತದೆ. ನಿಂತ ಕೂಡಲೇ ಮತ್ತೆ ಗಟ್ಟಿಯಾಗಿ ಒತ್ತಿ, ಇಲ್ಲದಿದ್ದರೆ ತೆವಳೋಕೆ ಶುರು ಮಾಡುತ್ತದೆ. ಇದು ಕೈಗೂಡಿದರೆ, ಅಂದರೆ ಕಾಲಿಗೂಡಿದರೆ, ಸಿಲ್ಕ್ ಬೋರ್ಡ್ ಕಡೆಯ ಸಾಯಂಕಾಲದ ಟ್ರಾಫಿಕ್ಕಿನಲ್ಲೂ ಮುಕ್ಕಾಲು ಪಾಲು ಬ್ರೇಕಿನಿಂದಲೇ ಓಡಿಸಬಹುದು.

ಆಕ್ಸಿಲರೇಟರ್ ವಿಷಯದಲ್ಲಿ ಹೇಳೋದು ಕಡಿಮೆ. ಒದೆಯಬೇಡಿ, ಮೆಲ್ಲಗೆ ಒತ್ತಿ. ಓವರ್‌ಟೇಕ್ ಮಾಡುವಾಗ ಪೂರ್ತಿ ಒತ್ತಿದರೆ ಗೇರ್‌ಬಾಕ್ಸ್ ತಾನೇ ಕೆಳಗಿನ ಗೇರಿಗೆ ಇಳಿದು ಎಳೆಯುತ್ತದೆ, ಆದರೆ ಒತ್ತಿದ ತಕ್ಷಣ ಅಲ್ಲ. ಎಎಂಟಿಯಲ್ಲಿ ಒಂದು ಕ್ಷಣ ಎಳೆತವೇ ನಿಂತು ಆಮೇಲೆ ಬರುತ್ತದೆ. ಸಿವಿಟಿಯಲ್ಲಿ (ಬೇರೆ ಬೇರೆ ಗೇರುಗಳ ಬದಲು ಬೆಲ್ಟ್ ಇರುವ ಗೇರ್‌ಬಾಕ್ಸ್) ಮೊದಲು ಎಂಜಿನ್ ಕೂಗುತ್ತದೆ, ಸ್ಪೀಡ್ ಹಿಂದಿನಿಂದ ಬರುತ್ತದೆ. ಎದುರಿನಿಂದ ಬಸ್ ಬರುವ ರಸ್ತೆಯಲ್ಲಿ ಈ ಒಂದು ಕ್ಷಣವನ್ನು ಮೊದಲೇ ಲೆಕ್ಕ ಹಾಕಿಕೊಳ್ಳಿ. ಲಾರಿಯ ಪಕ್ಕಕ್ಕೆ ಬಂದ ಮೇಲೆ ಒತ್ತಿ ನೋಡೋದಲ್ಲ.

ಎಎಂಟಿ ಇದ್ದವರಿಗೆ

ನಮ್ಮ ದೇಶದಲ್ಲಿ ಎಎಂಟಿ ಶುರುವಾಗಿದ್ದು 2014ರಲ್ಲಿ, ಮಾರುತಿ ಸೆಲೆರಿಯೋ ಕಾರಿನಿಂದ. ಆಟೋಮ್ಯಾಟಿಕ್ ಅನ್ನೋದು ಸಾಮಾನ್ಯ ಮನೆಗಳಿಗೆ ಬಂದಿದ್ದೇ ಆಮೇಲೆ. ಒಳಗಿರೋದು ಮಾಮೂಲಿ ಮ್ಯಾನ್ಯುಯಲ್ ಗೇರ್‌ಬಾಕ್ಸೇ. ಕ್ಲಚ್ ಒತ್ತೋ, ಗೇರ್ ಬದಲಿಸೋ ಕೆಲಸ ಮಾತ್ರ ಯಂತ್ರದ್ದು. ಗೇರ್ ಬದಲಾಗುವಾಗ ತಲೆ ಮುಂದಕ್ಕೆ ತೂಗಿದಂತಾಗುತ್ತಲ್ಲ, ಅದಕ್ಕೆ ಸುಲಭದ ಉಪಾಯ ಇದೆ: ಗೇರ್ ಬದಲಾಗುವ ಹೊತ್ತಿಗೆ ಆಕ್ಸಿಲರೇಟರ್ ಸ್ವಲ್ಪ ಸಡಿಲಿಸಿ. ಕೆಲವು ದಿನ ಓಡಿಸಿದರೆ ಎಂಜಿನ್ ಸದ್ದಿನಿಂದಲೇ ಆ ಹೊತ್ತು ಗೊತ್ತಾಗುತ್ತದೆ.

ಎಎಂಟಿಯಲ್ಲಿ ದೊಡ್ಡ ತಪ್ಪು ಅಂದರೆ ಏರಿನಲ್ಲಿ ಆಕ್ಸಿಲರೇಟರ್ ಒತ್ತಿಕೊಂಡೇ ಕಾರನ್ನು ಹಿಂದಕ್ಕೆ ಜಾರದಂತೆ ನಿಲ್ಲಿಸಿಕೊಳ್ಳೋದು. ಫ್ಲೈಓವರ್ ಮೇಲೆ ಟ್ರಾಫಿಕ್ ನಿಂತಾಗ ಇದನ್ನು ತುಂಬಾ ಜನ ಮಾಡುತ್ತಾರೆ. ಆಗ ಕ್ಲಚ್ ಪ್ಲೇಟ್ ಅರೆಬರೆ ಹಿಡಿದುಕೊಂಡು ಉಜ್ಜುತ್ತಾ ಕಾಯುತ್ತದೆ, ಸ್ವಲ್ಪ ಹೊತ್ತಿಗೆ ಸುಟ್ಟ ವಾಸನೆ ಬರುತ್ತದೆ. ಒಣ ಕ್ಲಚ್ಚಿನ, ಅಂದರೆ ಕ್ಲಚ್ ಎಣ್ಣೆಯಲ್ಲಿ ಮುಳುಗಿರದ ಡಿಸಿಟಿಗಳಿಗೂ ಇದೇ ಮಾತು. ಏರಿನಲ್ಲಿ ನಿಲ್ಲೋದು ಬ್ರೇಕಿನ ಕೆಲಸ. ಹಿಲ್ ಹೋಲ್ಡ್ ಇದ್ದರೆ ಬ್ರೇಕ್ ಬಿಟ್ಟ ಮೇಲೂ ಒಂದೆರಡು ಸೆಕೆಂಡ್ ಕಾರು ಜಾರುವುದಿಲ್ಲ, ಅಷ್ಟರಲ್ಲಿ ಆಕ್ಸಿಲರೇಟರ್‌ಗೆ ಹೋದರೆ ಸಾಕು. ಇಲ್ಲದಿದ್ದರೆ ಹಳೇ ಪಾಠವೇ: ಹ್ಯಾಂಡ್‌ಬ್ರೇಕ್ ಎಳೆದು, ಆಕ್ಸಿಲರೇಟರ್ ಸ್ವಲ್ಪ ಒತ್ತಿ, ಕಾರು ಮುಂದಕ್ಕೆ ಎಳೆಯೋದು ಗೊತ್ತಾದಾಗ ಹ್ಯಾಂಡ್‌ಬ್ರೇಕ್ ಇಳಿಸೋದು. ಮತ್ತೆ, ಮುಂದಿನ ಕಾರು ಒಂದು ಗೇಣು ಸರಿದಾಗೆಲ್ಲ ನೀವೂ ಗೇಣು ಸರಿಯಬೇಕು ಅಂತಿಲ್ಲ. ಒಂದು ಕಾರಿನಷ್ಟು ಜಾಗ ಬಿಡಲಿ, ಆಮೇಲೆ ಒಟ್ಟಿಗೆ ಹೋಗಿ. ಹಿಂದಿನವರು ಹಾರ್ನ್ ಹೊಡೆಯುತ್ತಾರೆ, ಹೊಡೆಯಲಿ ಬಿಡಿ, ಕ್ಲಚ್ಚಿನ ಬಿಲ್ ಅವರು ಕಟ್ಟಲ್ಲ.

ಸಿಗ್ನಲ್‌ನಲ್ಲಿ 'ಡಿ'ಯಲ್ಲೇ ಬ್ರೇಕ್ ಒತ್ತಿ ನಿಲ್ಲಬೇಕಾ, 'ಎನ್'ಗೆ (ನ್ಯೂಟ್ರಲ್) ಹಾಕಬೇಕಾ? ಅರ್ಧ ನಿಮಿಷದ್ದಾದರೆ 'ಡಿ'ಯಲ್ಲೇ ಇರಲಿ. ಸಿಗ್ನಲ್‌ನ ಗಡಿಯಾರ ನೂರು ಚಿಲ್ಲರೆ ತೋರಿಸುತ್ತಿದ್ದರೆ 'ಎನ್'ಗೆ ಹಾಕಿ, ಹ್ಯಾಂಡ್‌ಬ್ರೇಕ್ ಎಳೆದು ಕಾಲಿಗೆ ವಿಶ್ರಾಂತಿ ಕೊಡಿ. ಹೊರಡುವಾಗ ಬ್ರೇಕ್ ಒತ್ತಿ 'ಡಿ'ಗೆ ಹಾಕಬೇಕು. 'ಎನ್'ನಲ್ಲಿರೋದು ಮರೆತು ಆಕ್ಸಿಲರೇಟರ್ ಒತ್ತಿ, ಎಂಜಿನ್ ಕೂಗಿದಾಗ ಹಾಗೇ 'ಡಿ'ಗೆ ತಳ್ಳೋದು ಗೇರ್‌ಬಾಕ್ಸಿಗೂ ಕೆಟ್ಟದ್ದು, ಮುಂದಿನ ಬೈಕಿನವನಿಗೂ ಕೆಟ್ಟದ್ದು.

ಪಾರ್ಕಿಂಗ್

ಗೋಡೆಗೆ ಗುದ್ದಿತು, ಅಂಗಡಿಯೊಳಗೆ ನುಗ್ಗಿತು ಅನ್ನುವ ಸುದ್ದಿಗಳಲ್ಲಿ ಓಡಿಸುತ್ತಿದ್ದವರು ಹೇಳೋದು ಹೆಚ್ಚಾಗಿ ಒಂದೇ ಮಾತು: "ಬ್ರೇಕ್ ಒತ್ತಿದೆ, ಕಾರು ಇನ್ನೂ ಜೋರಾಗಿ ಹೋಯ್ತು." ಅವರು ಸುಳ್ಳು ಹೇಳುತ್ತಿರುವುದಿಲ್ಲ, ಬ್ರೇಕ್ ಒತ್ತಿದ್ದೇನೆ ಅಂತಲೇ ನಂಬಿರುತ್ತಾರೆ. 1980ರ ದಶಕದಲ್ಲಿ ಅಮೆರಿಕದಲ್ಲಿ ಆಡಿ 5000 ಕಾರಿನ ಮೇಲೆ ಇಂಥ ದೂರುಗಳ ರಾಶಿಯೇ ಬಿದ್ದಿತ್ತು. ಅಲ್ಲಿನ ರಸ್ತೆ ಸುರಕ್ಷತಾ ಸಂಸ್ಥೆ ಎನ್‌ಎಚ್‌ಟಿಎಸ್‌ಎ 1989ರಲ್ಲಿ ಕೊಟ್ಟ ವರದಿಯ ಪ್ರಕಾರ ಬಹುತೇಕ ಪ್ರಕರಣಗಳಲ್ಲಿ ಆಗಿದ್ದು ಇಷ್ಟೇ, ಬ್ರೇಕ್ ಅಂದುಕೊಂಡು ಆಕ್ಸಿಲರೇಟರ್ ಒತ್ತಿದ್ದು. ಬ್ರೇಕ್ ಒತ್ತದೆ 'ಪಿ'ಯಿಂದ ಗೇರ್ ಕದಲದ ಈಗಿನ ಬೀಗ ಕಾರುಗಳಿಗೆ ಬರೋಕೆ ಆ ಗಲಾಟೆಯೂ ಒಂದು ಕಾರಣ. 2019ರ ಏಪ್ರಿಲ್‌ನಲ್ಲಿ ಟೋಕಿಯೋದ ಇಕೆಬುಕುರೊದಲ್ಲಿ 87 ವರ್ಷದ ಒಬ್ಬರು ಓಡಿಸುತ್ತಿದ್ದ ಕಾರು ಜನರ ಮೇಲೆ ನುಗ್ಗಿ ತಾಯಿ, ಮಗಳು ಇಬ್ಬರೂ ತೀರಿಕೊಂಡರು. ಓಡಿಸುತ್ತಿದ್ದವರು ಇಲ್ಲೂ ಕಾರಿನದೇ ತಪ್ಪು ಅಂದರು. ಕೋರ್ಟು ಪೆಡಲ್ ತಪ್ಪಿದ್ದು ಅಂತ ತೀರ್ಮಾನಿಸಿತು.

ಪಾರ್ಕಿಂಗ್‌ನಲ್ಲಿ, ಅದರಲ್ಲೂ ರಿವರ್ಸ್‌ನಲ್ಲಿ ಇದು ಯಾಕೆ ಆಗುತ್ತದೆ ಅಂತ ನಿಂತ ಕಾರಿನಲ್ಲೇ ನೋಡಬಹುದು. ಸೀಟಿನಲ್ಲಿ ಕೂತು ಎಡಕ್ಕೆ ಮೈ ತಿರುಗಿಸಿ ಹಿಂದಿನ ಗಾಜಿನ ಕಡೆ ನೋಡಿ. ಸೊಂಟ ತಿರುಗುತ್ತದೆ, ತೊಡೆ ತಿರುಗುತ್ತದೆ, ಊರಿದ್ದ ಹಿಮ್ಮಡಿ ಗೊತ್ತಾಗದ ಹಾಗೆ ಸರಿಯುತ್ತದೆ. ಕಾಲು ಬ್ರೇಕ್ ಮೇಲಿದೆ ಅನ್ನೋದು ನಿಮ್ಮ ಮನಸ್ಸಿನ ಲೆಕ್ಕ, ನಿಜವಾಗಿ ಅದರ ಅಂಚಿನಲ್ಲೋ, ಆಕ್ಸಿಲರೇಟರ್ ಮೇಲೋ ಇರುತ್ತದೆ. ಆಗ ಕಾರು ಜಿಗಿದರೆ ಮೈಯೆಲ್ಲ ಬಿಗಿಯಾಗಿ ಇನ್ನೂ ಜೋರಾಗಿ ಒತ್ತುತ್ತೀರಿ.

ಆದ್ದರಿಂದ ಸಮತಟ್ಟು ಪಾರ್ಕಿಂಗ್‌ನಲ್ಲಿ ಆಕ್ಸಿಲರೇಟರ್ ನಿಷಿದ್ಧ ಅಂತಲೇ ಇಟ್ಟುಕೊಳ್ಳಿ. 'ಡಿ' ಇರಲಿ, 'ಆರ್' (ರಿವರ್ಸ್) ಇರಲಿ, ತೆವಳೋದು ಸಾಕು. ಬೇಸ್‌ಮೆಂಟ್ ರ‍್ಯಾಂಪ್ ಹತ್ತೋಕೆ, ಮನೆ ಮುಂದಿನ ಚರಂಡಿ ಕಲ್ಲು ಹತ್ತಿಸೋಕೆ ಸ್ವಲ್ಪ ಬೇಕಾಗುತ್ತದೆ. ಚಕ್ರ ಹತ್ತುವಷ್ಟು ಮಾತ್ರ ಒತ್ತಿ, ಹತ್ತಿದ ಕ್ಷಣವೇ ಕಾಲು ಬ್ರೇಕಿಗೆ. 'ಡಿ'ಯಿಂದ 'ಆರ್'ಗೆ ಬದಲಿಸುವಾಗ ಕಾರು ಪೂರ್ತಿ ನಿಂತಿರಬೇಕು. ಗೇಟಿನವರಿಗೆ ಕಾರ್ಡ್ ತೋರಿಸೋಕೆ, ಟೋಲ್ ಹತ್ತಿರ ಕಿಟಕಿಯಿಂದ ಬಗ್ಗೋಕೆ ಮುಂಚೆ 'ಪಿ'ಗೋ 'ಎನ್'ಗೋ ಹಾಕಿ, ಯಾಕಂದ್ರೆ ಮೈ ಆ ಕಡೆ ವಾಲಿದಾಗ ಬ್ರೇಕ್ ಮೇಲಿನ ಕಾಲು ಸಡಿಲವಾಗುತ್ತದೆ.

ನಿಲ್ಲಿಸಿದ ಮೇಲೆ ಸೀದಾ 'ಪಿ'ಗೆ ಹಾಕಿ ಬ್ರೇಕ್ ಬಿಡಬೇಡಿ. ಬ್ರೇಕ್ ಒತ್ತಿಕೊಂಡೇ 'ಎನ್', ಆಮೇಲೆ ಹ್ಯಾಂಡ್‌ಬ್ರೇಕ್, ಈಗ ಕಾಲು ಸ್ವಲ್ಪ ಸಡಿಲಿಸಿ ಕಾರಿನ ಭಾರ ಹ್ಯಾಂಡ್‌ಬ್ರೇಕ್ ಮೇಲೆ ಕೂರಲಿ, ಮತ್ತೆ ಬ್ರೇಕ್ ಒತ್ತಿ 'ಪಿ'. 'ಪಿ'ಯಲ್ಲಿ ಕಾರನ್ನು ಹಿಡಿದಿಡೋದು ಗೇರ್‌ಬಾಕ್ಸಿನೊಳಗಿನ ಒಂದು ಸಣ್ಣ ಉಕ್ಕಿನ ಹಲ್ಲು. ಇಳಿಜಾರಿನಲ್ಲಿ ಇಡೀ ಕಾರಿನ ಭಾರ ಅದರ ಮೇಲೆ ಬಿದ್ದರೆ ಮಾರನೇ ದಿನ 'ಪಿ'ಯಿಂದ ತೆಗೆಯುವಾಗ ಟಕ್ ಅಂತ ದೊಡ್ಡ ಸದ್ದು ಬರುತ್ತದೆ. ಹಲವು ಎಎಂಟಿ ಕಾರುಗಳಲ್ಲಿ 'ಪಿ'ಯೇ ಇರುವುದಿಲ್ಲ. ಅಲ್ಲಿ ಹ್ಯಾಂಡ್‌ಬ್ರೇಕ್ ಗಟ್ಟಿಯಾಗಿ ಎಳೆದು, ಗೇರಿನಲ್ಲೇ ಬಿಟ್ಟು ಆಫ್ ಮಾಡೋದು ರೂಢಿ. ನಿಮ್ಮ ಕಾರಿನ ಪುಸ್ತಕದಲ್ಲಿ ಬರೆದಿರುವ ಕ್ರಮವನ್ನೇ ಪಾಲಿಸಿ.

ಘಾಟಿ ಇಳಿಯುವಾಗ

ಆಗುಂಬೆಯಲ್ಲಿ 14 ಹೇರ್‌ಪಿನ್ ತಿರುವು. ಮೇಲಿನಿಂದ ಸೋಮೇಶ್ವರದವರೆಗೆ 'ಡಿ'ಯಲ್ಲಿ ಹಾಕಿಕೊಂಡು ಬರೀ ಬ್ರೇಕ್ ಒತ್ತಿಕೊಂಡು ಇಳಿದರೆ ಪ್ಯಾಡುಗಳು ಕಾದು ಹಿಡಿತ ಕಳೆದುಕೊಳ್ಳುತ್ತವೆ. ಚಾರ್ಮಾಡಿ, ಶಿರಾಡಿಯಲ್ಲೂ ಇದೇ ಕತೆ. ಗೇರ್ ಲಿವರಿನಲ್ಲಿ 'ಎಂ', 'ಎಲ್', 'ಎಸ್' ಅಂತ ಏನಾದರೂ ಇರುತ್ತದೆ, ಅಥವಾ ಸ್ಟೀರಿಂಗ್ ಹಿಂದೆ ಪ್ಯಾಡಲ್ ಇರುತ್ತದೆ. ಇಳಿಜಾರು ಶುರುವಾಗುವ ಮೊದಲೇ ಕೆಳಗಿನ ಗೇರಿಗೆ ತಂದುಕೊಂಡರೆ ಎಂಜಿನ್ನೇ ಕಾರನ್ನು ಹಿಡಿಯುತ್ತದೆ. ತಿರುವಿಗೆ ಮುಂಚೆ ಬ್ರೇಕನ್ನು ಗಟ್ಟಿಯಾಗಿ ಒತ್ತಿ ವೇಗ ಇಳಿಸಿ, ಆಮೇಲೆ ಪೂರ್ತಿ ಬಿಡಿ. ಉದ್ದಕ್ಕೂ ಅರ್ಧಂಬರ್ಧ ಒತ್ತಿಕೊಂಡೇ ಇರಬೇಡಿ. ಪೆಟ್ರೋಲ್ ಉಳಿಯುತ್ತೆ ಅಂತ 'ಎನ್'ಗೆ ಹಾಕಿ ಇಳಿಯುವವರು ಇದ್ದಾರೆ. ಉಳಿಯಲ್ಲ. ಈಗಿನ ಕಾರುಗಳಲ್ಲಿ ಗೇರಿನಲ್ಲಿದ್ದು ಆಕ್ಸಿಲರೇಟರ್ ಬಿಟ್ಟಾಗ ಎಂಜಿನ್‌ಗೆ ಇಂಧನವೇ ನಿಲ್ಲುತ್ತದೆ, 'ಎನ್'ನಲ್ಲಾದರೆ ಐಡಲ್‌ಗೆ ಬೇಕಾದಷ್ಟು ಕುಡಿಯುತ್ತಲೇ ಇರುತ್ತದೆ.

ಸುಟ್ಟ ವಾಸನೆ ಬಂದರೆ, ಪೆಡಲ್ ಮೆತ್ತಗಾದಂತೆ ಅನಿಸಿದರೆ, ಇನ್ನೂ ಕೆಳಗಿನ ಗೇರಿಗೆ ಇಳಿಸಿ ಅಗಲವಾದ ಜಾಗದಲ್ಲಿ ನಿಲ್ಲಿಸಿ. ತಾನಾಗೇ ತಣ್ಣಗಾಗಲಿ, ಕಾದ ಡಿಸ್ಕಿಗೆ ನೀರು ಸುರಿಯಬೇಡಿ.

ಎಲೆಕ್ಟ್ರಿಕ್ ಕಾರಿನವರಿಗೆ ಒಂದು ಮಾತು. ಆಕ್ಸಿಲರೇಟರ್ ಬಿಟ್ಟರೇ ಕಾರು ನಿಧಾನ ಆಗೋದು ಅಭ್ಯಾಸ ಆಗಿಬಿಟ್ಟರೆ ಕಾಲು ಬ್ರೇಕಿಗೆ ಹೋಗೋದನ್ನೇ ಮರೆಯುತ್ತದೆ. ಬ್ಯಾಟರಿ ಪೂರ್ತಿ ಚಾರ್ಜ್ ಆಗಿರುವಾಗ ಆ ಹಿಡಿತ ಕಡಿಮೆ ಇರುತ್ತದೆ, ಬೆಳಿಗ್ಗೆ ಮನೆಯಿಂದ ಹೊರಟಾಗಲೇ ಇದು ಗೊತ್ತಾಗೋದು.

ತುರ್ತಿನಲ್ಲಿ

ನಮ್ಮಲ್ಲಿ 2019ರ ಏಪ್ರಿಲ್‌ನಿಂದ ಹೊಸ ಕಾರುಗಳಿಗೆಲ್ಲ ಎಬಿಎಸ್ (ಜೋರು ಬ್ರೇಕಿನಲ್ಲೂ ಚಕ್ರ ಲಾಕ್ ಆಗದಂತೆ ನೋಡಿಕೊಳ್ಳುವ ವ್ಯವಸ್ಥೆ) ಕಡ್ಡಾಯ. ಹಾಗಾಗಿ ಜೋರು ಬ್ರೇಕ್ ಬೇಕಾದಾಗ ಅಳುಕದೆ ಪೂರ್ತಿ ಒತ್ತಿ. ಪೆಡಲ್ ಕಾಲ ಕೆಳಗೆ ಗಡಗಡ ನಡುಗುತ್ತದೆ, ಅದು ಎಬಿಎಸ್ ಕೆಲಸ ಮಾಡುತ್ತಿರೋದು. ಏನೋ ಮುರಿಯಿತು ಅಂತ ಕಾಲು ತೆಗೆಯಬೇಡಿ.

ಇನ್ನು ಕಾರು ತಾನಾಗೇ ಓಡುತ್ತಿದೆ ಅನಿಸಿದರೆ ಮೊದಲು ಕಾಲನ್ನು ಪೂರ್ತಿ ಮೇಲಕ್ಕೆ ಎತ್ತಿ. ನೀವು ಒತ್ತಿದ್ದು ಆಕ್ಸಿಲರೇಟರ್ ಆಗಿದ್ದರೆ ಅಲ್ಲಿಗೇ ಮುಗಿಯಿತು. ಕಾಲು ಎತ್ತಿದರೂ ಓಡುತ್ತಿದ್ದರೆ ಪೆಡಲ್ ನಿಜವಾಗಿ ಸಿಕ್ಕಿಕೊಂಡಿದೆ. ಆಗ ಬ್ರೇಕನ್ನು ಒಂದೇ ಸಲ ಗಟ್ಟಿಯಾಗಿ ಒತ್ತಿ ಹಿಡಿಯಿರಿ. ಒತ್ತಿ ಬಿಟ್ಟು, ಒತ್ತಿ ಬಿಟ್ಟು ಮಾಡಿದರೆ ಬ್ರೇಕಿಗೆ ಬಲ ಕೊಡುವ ಬೂಸ್ಟರ್ ಖಾಲಿಯಾಗಿ ಪೆಡಲ್ ಕಲ್ಲಿನ ಹಾಗೆ ಆಗುತ್ತದೆ. ಜೊತೆಗೇ 'ಎನ್'ಗೆ ತಳ್ಳಿ. ಎಂಜಿನ್ ಕಿರುಚಿಕೊಳ್ಳುತ್ತದೆ, ಕಿರುಚಲಿ. ಎಡಕ್ಕೆ ತಂದು ಕಾರು ನಿಂತ ಮೇಲೆ ಆಫ್ ಮಾಡಿ. ಓಡುವಾಗಲೇ ಆಫ್ ಮಾಡಿದರೆ ಸ್ಟೀರಿಂಗ್ ಭಾರವಾಗುತ್ತದೆ, ಕೀ ಇರುವ ಕಾರಿನಲ್ಲಿ ಕೀ ಪೂರ್ತಿ ತಿರುಗಿಸಿ ಎಳೆದುಬಿಟ್ಟರೆ ಸ್ಟೀರಿಂಗ್ ಲಾಕೇ ಆಗಬಹುದು.